ಕೇಳಲಿಲ್ಲ, ಹೇಳಲಿಲ್ಲ

ದನದ ಸಂತೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೀವೂ ನೋಡಿರಬಹುದು. ಅಲ್ಲಿ ಗುಟ್ಟು ಬೆಲೆಯೊಂದೇ. ಎತ್ತು ಎಲ್ಲರ ಕಣ್ಣೆದುರಿಗೇ ನಿಂತಿರುತ್ತದೆ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಅವನಿಗೆ ಎತ್ತು ಗೊತ್ತು. ಮಾರುವವನು ಸುಮ್ಮನಿದ್ದರೂ ದೊಡ್ಡ ಅನ್ಯಾಯವೇನೂ ಆಗದು. ಆದರೆ ಎತ್ತು ಕಟ್ಟಿ ಅರಿಯದವನು ಸಂತೆಗೆ ಹೋದರೆ? "ಅವನು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂಬ ಮಾತು ಆಗಲೂ ಸಲ್ಲುತ್ತದೆಯೇ?

ಈ ಪ್ರಶ್ನೆ ನನ್ನ ತಲೆಹೊಕ್ಕದ್ದು ಒಂದು ಯಂತ್ರದಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಆನೆಗೊಂದಿಯವನೇ, ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು ಗಂಗಾವತಿಯಲ್ಲಿ ಶೆಡ್ ಬಾಡಿಗೆಗೆ ಹಿಡಿದ. ಅಲ್ಲಿ ಅಕ್ಕಿ ಗಿರಣಿಗಳಿಗೇನು ಕೊರತೆ? ಅವಕ್ಕೆ ಬೇಕಾದ ಸಣ್ಣಪುಟ್ಟ ಬಿಡಿಭಾಗಗಳನ್ನು ತಾನೇ ಮಾಡಿಕೊಡುವ ಆಸೆ ಅವನಿಗೆ. ತಾಯಿಯ ನಾಲ್ಕು ಬಳೆ ಒತ್ತೆಯಿಟ್ಟು, ಬೆಂಗಳೂರಿನ ಪೀಣ್ಯಕ್ಕೆ ಹೋಗಿ, ಬಳಸಿದ ಸಣ್ಣ ಸಿಎನ್‌ಸಿ ಮಿಲ್ಲಿಂಗ್ ಯಂತ್ರವೊಂದನ್ನು ತಂದ. ಹೆಸರಿನಲ್ಲಿ ಮಿಲ್ಲು ಇದ್ದರೂ ಹಿಟ್ಟು ಬೀಸುವುದಲ್ಲ. ಕಂಪ್ಯೂಟರಿನ ಆಜ್ಞೆಯಂತೆ ಲೋಹವನ್ನು ಕೊರೆದು ಆಕಾರ ಕೊಡುವಂಥದು.

ಮಾರಿದವನು ಸುಳ್ಳು ಹೇಳಿರಲಿಲ್ಲ. ಯಂತ್ರ ಓಡಿಸಿ, ಅಲ್ಯೂಮಿನಿಯಂ ತುಂಡಿನ ಮೇಲೆ ನೇರ ಗೆರೆ ಕೊರೆಸಿ ತೋರಿಸಿದ್ದ. ಊರಿಗೆ ತಂದು ದುಂಡಗೆ ಕೊರೆಸಿದರೆ ಅದು ದುಂಡಗೆ ಬರಲಿಲ್ಲ. ಮೇಜನ್ನು ಸರಿಸುವ ತಿರುಪು ಸವೆದಿತ್ತಂತೆ. ಒಂದೇ ದಿಕ್ಕಿಗೆ ಹೋಗುವಾಗ ಆ ಸಡಿಲ ಕಾಣುವುದಿಲ್ಲ. ಹಿಂದಿರುಗುವಾಗ ತಿರುಪು ತಿರುಗಿದರೂ ಮೇಜು ಕ್ಷಣಕಾಲ ಅಲ್ಲಾಡುವುದಿಲ್ಲ. ವೃತ್ತ ಕೊರೆಯಬೇಕಾದರೆ ಒಂದು ಸುತ್ತಿಗೆ ನಾಲ್ಕು ಸಲ ಹೀಗೆ ದಿಕ್ಕು ಬದಲಾಗುತ್ತದೆ. ಡಯಲ್ ಗೇಜನ್ನು ಮೇಜಿಗೆ ತಾಗಿಸಿ ಹಿಂದೆ ಮುಂದೆ ಸರಿಸಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಫೋನು ಮಾಡಿದಾಗ ಬಂದ ಉತ್ತರ: "ನೀವು ಕೇಳಲೇ ಇಲ್ಲವಲ್ಲ."

ಈ ಜಗಳ ಬಹಳ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಪುಸ್ತಕದಲ್ಲಿ ಇದನ್ನು ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರ. ವರ್ತಕನೊಬ್ಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿರುವುದು ಅವನೊಬ್ಬನಿಗೇ ಗೊತ್ತು. ಹೇಳಬೇಕೆ, ಬೇಡವೆ? ಹೇಳದಿರುವುದೆಲ್ಲ ಮುಚ್ಚಿಡುವುದಲ್ಲ ಎಂದು ಡಯೋಜಿನಿಸ್ ಎಂಬ ತತ್ತ್ವಜ್ಞಾನಿಯ ವಾದ. ಹೇಳಲೇಬೇಕೆಂದು ಅವನ ಶಿಷ್ಯ ಆಂಟಿಪೇಟರನ ವಾದ. ಸಿಸೆರೊ ಶಿಷ್ಯನ ಕಡೆ. ನಮ್ಮ 1930ರ ಸರಕು ಮಾರಾಟ ಕಾಯ್ದೆಯಾದರೋ ನೋಡಿ ಕೊಳ್ಳುವ ಹೊಣೆಯನ್ನು ಸಾಮಾನ್ಯವಾಗಿ ಕೊಳ್ಳುವವನ ಮೇಲೇ ಹಾಕುತ್ತದೆ. ಯಾವ ಕೆಲಸಕ್ಕೆ ಬೇಕೆಂದು ಹೇಳಿ, ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ ಮಾತು ಬೇರೆ. ಆದರೆ ಪರೀಕ್ಷಿಸಿ ಕೊಂಡ ಮೇಲೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ವ್ಯಾಪಾರಿಯನ್ನು ಹೊಣೆ ಮಾಡುವುದು ಕಷ್ಟ. ಯಾರ ಕಣ್ಣಿಗೆ ಕಾಣಬೇಕಿದ್ದ ದೋಷ?

ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಏನೂ ತಿಳಿಯದ ಮಗು ಪ್ರಶ್ನೆ ಕೇಳುವುದಿಲ್ಲ, ಅರ್ಧ ತಿಳಿದದ್ದು ಕೇಳುತ್ತದೆ. ಕೇಳುವುದಕ್ಕೂ ಒಂದಿಷ್ಟು ವಿದ್ಯೆ ಬೇಕು. ನಮ್ಮ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು ನೀರಿನ ಸುಳಿ ಎಲ್ಲಿದೆಯೆಂದು ಯಾರೂ ಕೇಳಲಿ ಎಂದು ಕಾಯುವುದಿಲ್ಲ, ತಾನೇ ತಪ್ಪಿಸಿ ಸಾಗುತ್ತಾನೆ. ಸುಳಿಗೆ ಸಿಕ್ಕರೆ ಮುಳುಗುವವರಲ್ಲಿ ಅವನೂ ಒಬ್ಬನಷ್ಟೆ.

ಹಾಗೆಂದು ವ್ಯಾಪಾರಿಯನ್ನಷ್ಟೇ ಬೈದು ಏನು ಬಂತು? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಗಾದೆ ನಮ್ಮದೇ. ಹುಡುಗನ ಕಾಯಿಲೆಯ ಸುದ್ದಿಯೆತ್ತದೆ ಅಕ್ಷತೆ ಹಾಕಿಸಿ, ಆಮೇಲೆ "ನೀವು ಕೇಳಲೇ ಇಲ್ಲ" ಎನ್ನುವ ಬೀಗರನ್ನು ನಾವು ಕಂಡಿಲ್ಲವೆ? ಯಂತ್ರವನ್ನಾದರೆ ಮಾರಿ ಕೈತೊಳೆದುಕೊಳ್ಳಬಹುದು.

ಅವನೂ ವರ್ಷದ ಮೇಲೆ ಮಾರಲು ಹೊರಟ. ಕುಷ್ಟಗಿಯ ಕಡೆಯ ಹುಡುಗ, ಇವನ ಹಾಗೆಯೇ ಹೊಸಬ, ನೋಡಲು ಬರುವವನಿದ್ದ. ಹಿಂದಿನ ದಿನ ಸಂಜೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ.

"ನಾ ಸುಳ್ಳ ಹೇಳಂಗಿಲ್ರಿ ಅಕ್ಕೋರ. ಅವ ಕೇಳಿದ್ರ ಹೇಳ್ತೀನಿ."

"ಏನು ಕೇಳಬೇಕು ಅನ್ನೋದು ಅವತ್ತು ನಿನಗ ಗೊತ್ತಿತ್ತೇನಪಾ?" ಎಂದೆ.

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದ ಕೇಳಿ ತೆಗೆದುಕೊಂಡು ಬರೆದ: ತಿರುಪು ಸವೆದಿದೆ. ನೆನಪಿನ ಬ್ಯಾಟರಿ ಬದಲಿಸಿಲ್ಲ, ಅದು ಸತ್ತರೆ ಯಂತ್ರದ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಮೂರು ಫೇಸಿನ ವಿದ್ಯುತ್ತು ಬೇಕು. ಕಟ್ಟರು, ವೈಸು ಬೇರೆಯೇ ಕೊಳ್ಳಬೇಕು. ಬಂದ ಹುಡುಗ ಅದನ್ನು ಎರಡು ಸಲ ಓದಿ, ನಲವತ್ತು ಸಾವಿರ ಕಡಿಮೆಗೆ ಕೇಳಿದ. ಇವನು ಕೊಟ್ಟ.

ನಾನು ಹೇಳಿದ್ದು ಸರಿ ಎಂದೇ ಈಗಲೂ ನನ್ನ ನಂಬಿಕೆ. ಆದರೆ ಬಳೆ ನನ್ನವಲ್ಲ. ಮುಂದಿನ ವಾರ ಅವನ ತಾಯಿ ಸಿಕ್ಕಾಗ, "ನಮಗ ಯಾರ ಹೇಳಿದ್ರರೀ ಅಕ್ಕೋರ?" ಎಂದಷ್ಟೇ ಕೇಳಿದಳು; ಉತ್ತರಕ್ಕೆ ನಿಲ್ಲಲಿಲ್ಲ. ಎರಡು ಬಳೆ ಬಿಡಿಸಿಕೊಂಡು ಬಂದಿದ್ದಾರೆ. ಇನ್ನೆರಡು ಒತ್ತೆಯಲ್ಲೇ ಇವೆ.