ಇಂದಿನ ಧಮ್ಮ ಚಿಂತನೆ: ಪಟ್ಟಿ ಬರೆದವರು ಯಾರು?



ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಹಸ್ತಾಕ್ಷರ ಸಂಗ್ರಹಿಸುವ ಹಲವರು 'ಹಾಲ್ ಆಫ್ ಫೇಮ್' ಸೇರಿದವರನ್ನಷ್ಟೇ ಆರಿಸುತ್ತಾರೆ. ನಿಯಮವೇನೋ ಸರಳ. ಆದರೆ ಕಪ್ಪು ಆಟಗಾರರ ಎದುರು ಆಡಲೊಲ್ಲೆ ಎಂದ ಕ್ಯಾಪ್ ಆನ್ಸನ್‌ಗೆ ಅಲ್ಲಿ 1939ರಲ್ಲೇ ಜಾಗ ಸಿಕ್ಕಿತು. ಮೈಬಣ್ಣದ ಕಾರಣಕ್ಕೆ ಮೇಜರ್ ಲೀಗ್ ಬಾಗಿಲಾಚೆಯೇ ಉಳಿದು 1947ರಲ್ಲಿ ತೀರಿಕೊಂಡ ಜೋಶ್ ಗಿಬ್ಸನ್ ಅವರಿಗೆ 1972ರವರೆಗೆ ಇಲ್ಲ. 2024ರಲ್ಲಿ ನೀಗ್ರೋ ಲೀಗ್‌ಗಳ ದಾಖಲೆಯನ್ನೂ ಸೇರಿಸಿದಾಗ, ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಹೆಸರು ಅವರದೇ ಆಯಿತು!

ಪರಂಪರೆಯಿಂದ ಬಂದದ್ದೆಂದು ಒಪ್ಪಬೇಡಿ, ಪರೀಕ್ಷಿಸಿ ನೋಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದರು. ತರಗತಿಯಲ್ಲಿ 'ಮಹನೀಯರ' ಪಟ್ಟಿ ಓದಿಸುವಾಗ ನಾನು ಮಕ್ಕಳನ್ನು ಕೇಳುತ್ತೇನೆ: ಇದನ್ನು ಬರೆದವರು ಯಾರು? ಹೊರಗೆ ನಿಂತವರು ಯಾರು? ಇಂದು ನಿಮ್ಮ ಮನೆಯ ಮಕ್ಕಳನ್ನೂ ಕೇಳಿ.

ನಮೋ ಬುದ್ಧಾಯ 🙏