ತನ್ನ ಗುಣವನ್ನು ತಾನೇ ತೂಗುವ ತಕ್ಕಡಿ

ಯಾದಗಿರಿಯ ಗಂಜಿನಲ್ಲಿ ತೊಗರಿಯ ಚೀಲ ಇಳಿದಾಗ ಅದನ್ನು ತೂಗಬೇಕಾದವನು ಮಾಲು ತಂದ ರೈತನೂ ಅಲ್ಲ, ಕೊಳ್ಳುವ ವ್ಯಾಪಾರಿಯೂ ಅಲ್ಲ. ಅದಕ್ಕೆ ಪರವಾನಗಿ ಪಡೆದ ತೂಕದವನಿರಬೇಕೆಂಬುದು ಮಾರುಕಟ್ಟೆಯ ನಿಯಮ. ಲಾಭದ ಆಸೆಯುಳ್ಳವನ ಕೈಯಲ್ಲಿ ತಕ್ಕಡಿ ಇರಬಾರದೆಂಬ ಈ ವಿವೇಕವು ಗುಣಗಳ ತೂಕಕ್ಕೂ ಸಲ್ಲುತ್ತದೆಯೇ ಎಂಬ ಪ್ರಶ್ನೆ ಈಗ ಶ್ರಾವಕರ ಮನೆಗಳೊಳಗೂ ಬಂದಿದೆ.

ಯಾದಗಿರಿ, ಶಹಾಪುರ, ಸುರಪುರಗಳ ತರುಣರು ಬೆಂಗಳೂರು, ಹೈದರಾಬಾದುಗಳಿಗೆ ಉದ್ಯೋಗವನ್ನರಸಿ ಹೋದಾಗ ವ್ಯಕ್ತಿತ್ವ ಪರೀಕ್ಷೆಯ ಪ್ರಶ್ನಾವಳಿಯನ್ನು ತುಂಬಬೇಕಾಗುವುದುಂಟು. ಇಂತಹವುಗಳಲ್ಲಿ ಪ್ರಸಿದ್ಧವಾದುದೊಂದು ಅಮೆರಿಕದ ಮನೋವಿಜ್ಞಾನಿಗಳಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ ಅವರು 2004ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ವರ್ಗೀಕರಣವನ್ನು ಆಧರಿಸಿದೆ. ಅದರಲ್ಲಿ 6 ಸದ್ಗುಣಗಳ ಅಡಿಯಲ್ಲಿ 24 ಗುಣಬಲಗಳಿವೆ. ಮೂಲ ಪ್ರಶ್ನಾವಳಿಯಲ್ಲಿ 240 ವಾಕ್ಯಗಳಿದ್ದವು. ಪ್ರತಿಯೊಂದೂ ತನಗೆ ಎಷ್ಟು ಒಪ್ಪುತ್ತದೆಂಬುದನ್ನು ಉತ್ತರಿಸುವವನೇ ಗುರುತಿಸಬೇಕು. 54 ರಾಷ್ಟ್ರಗಳವರ ಉತ್ತರಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಯೆ, ನ್ಯಾಯಪರತೆ, ಪ್ರಾಮಾಣಿಕತೆಗಳಿಗೆ ಜನರು ತಮಗೆ ತಾವೇ ಹೆಚ್ಚು ಅಂಕ ಕೊಟ್ಟುಕೊಂಡಿದ್ದರು. ಮುಂದಾಲೋಚನೆ, ವಿನಯ, ಸಂಯಮಗಳಿಗೆ ಕಡಿಮೆ. ಅಂಗಡಿಯಲ್ಲಿ ಕುಳಿತು ಉದ್ರಿಯ ಖಾತೆಗಳನ್ನು ನೋಡಿದವರಿಗೆ ಪ್ರಾಮಾಣಿಕತೆ ಇಷ್ಟು ಸುಲಭವಾಗಿ ದೊರೆಯುವ ಸರಕೆಂದು ತೋರಲಿಕ್ಕಿಲ್ಲ.

ಅಡತಿ ಮನೆತನದ ತರುಣನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನ ಪಟ್ಟಿಯಲ್ಲಿ ಪ್ರಾಮಾಣಿಕತೆ ಮೊದಲು, ಸಂಯಮ ಕೊನೆ. ದಶಲಕ್ಷಣ ಪರ್ವ ಬಂದಾಗ ಅವನು, ಸಂಯಮ ತನ್ನ ಸ್ವಭಾವವೇ ಅಲ್ಲವೆಂದು ಏಕಭುಕ್ತವನ್ನು ಕೈಬಿಡುತ್ತಾನೆ. ಪ್ರಾಮಾಣಿಕತೆಯೋ ಸಿದ್ಧವಾಗಿಯೇ ಇದೆಯೆಂದು ಕಿರ್ದಿ, ಖತಾವಣಿಗಳನ್ನು ಮತ್ತೊಮ್ಮೆ ನೋಡುವ ಗೋಜಿಗೆ ಹೋಗುವುದಿಲ್ಲ. ಒಂದೇ ಕಾಗದದಿಂದ ಎರಡು ಹಾನಿ. ಕೊನೆಯಲ್ಲಿರುವ ಗುಣವನ್ನು ದೌರ್ಬಲ್ಯವೆಂದು ಭಾವಿಸಬಾರದೆಂದು ಆ ಪರೀಕ್ಷೆಯನ್ನು ನಡೆಸುವವರೇ ಹೇಳುತ್ತಾರೆ. ಅದನ್ನು ಓದುವ ತಾಳ್ಮೆ ಎಷ್ಟು ಮಂದಿಗಿದೆ?

ಸ್ವಂತ ಮಾತಿನಿಂದ ಸ್ವಂತವನ್ನು ಅಳೆಯುವುದರ ಅಪಾಯವನ್ನು ಜೈನಾಚಾರ್ಯರು ಬಹು ಹಿಂದೆಯೇ ಕಂಡಿದ್ದರು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಗುರುವಿನ ಮುಂದೆ ಮಾಡುವ ಆಲೋಚನೆಗೆ 10 ದೋಷಗಳನ್ನು ಹೇಳಲಾಗಿದೆ. ಇತರರು ಕಂಡ ತಪ್ಪನ್ನು ಮಾತ್ರ ಒಪ್ಪಿಕೊಳ್ಳುವುದು ದೃಷ್ಟದೋಷ. ದೊಡ್ಡ ತಪ್ಪನ್ನು ಮುಚ್ಚಿ, ಅತ್ಯಂತ ಸಣ್ಣದನ್ನು ಹೇಳಿ ಶುದ್ಧನೆನಿಸಿಕೊಳ್ಳುವುದು ಸೂಕ್ಷ್ಮದೋಷ. ತಾನು ದುರ್ಬಲನೆಂದು ಸೂಚಿಸಿ ಗುರುವಿನಿಂದ ಹಗುರವಾದ ಪ್ರಾಯಶ್ಚಿತ್ತವನ್ನು ನಿರೀಕ್ಷಿಸುವುದು ಅನುಮಾನಿತದೋಷ. ಏಕಭುಕ್ತವನ್ನು ಬಿಟ್ಟ ತರುಣನದು ಈ ಕೊನೆಯ ಜಾತಿಗೆ ಸೇರಿದ್ದು. 1943ರಲ್ಲಿ ಪ್ರಕಟವಾದ ಮಿನ್ನೆಸೋಟ ಪರೀಕ್ಷೆಯಲ್ಲಿ, ತನ್ನನ್ನು ಒಳ್ಳೆಯವನೆಂದು ತೋರಿಸಿಕೊಳ್ಳುವವರನ್ನು ಪತ್ತೆಹಚ್ಚಲು 15 ವಾಕ್ಯಗಳನ್ನು ಬೇರೆಯಾಗಿಯೇ ಸೇರಿಸಲಾಗಿತ್ತು. ರೋಗ ಒಂದೇ, ಆಚಾರ್ಯರು ಅದರ ಬಗೆಗಳನ್ನೂ ಹೆಸರಿಸಿಟ್ಟರು.

ಹಾಗಾದರೆ ತನ್ನ ಬಲವನ್ನು ಎಣಿಸಿಕೊಳ್ಳುವುದೇ ಮದವಾಗುವುದೇ? ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ 8 ಮದಗಳಲ್ಲಿ ಜ್ಞಾನವೂ ಬಲವೂ ಸೇರಿವೆ. ಆತ್ಮಪ್ರಶಂಸೆ, ಪರನಿಂದೆಗಳು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಇಷ್ಟನ್ನೇ ಓದಿದ ಹಿರಿಯರು ಮಕ್ಕಳ ಕೈಯಿಂದ ಆ ಕಾಗದವನ್ನು ಕಿತ್ತುಕೊಳ್ಳುವುದು ಸಹಜ. ಆದರೆ ಅದೇ ಗ್ರಂಥದ ಅದೇ ಅಧ್ಯಾಯವು 16 ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ಸೇರಿಸಿದೆ. ಶಕ್ತಿಯೆಷ್ಟೆಂದು ಅರಿಯದವನು ಅದಕ್ಕನುಸಾರವಾಗಿ ನಡೆಯುವುದಾದರೂ ಹೇಗೆ? ಐದು ಆಚಾರಗಳಲ್ಲಿ ವೀರ್ಯಾಚಾರವೆಂಬುದಿದೆ. ಇರುವ ಶಕ್ತಿಯನ್ನು ಬಚ್ಚಿಡದೆ ತೊಡಗಿಸುವುದು ಅದರ ಲಕ್ಷಣ. ಲೆಕ್ಕ ಬಲ್ಲವನು ಬಸದಿಯ ಟ್ರಸ್ಟಿನ ಲೆಕ್ಕ ಬರೆಯಲು ಕರೆದಾಗ, ತನಗೇನೂ ತಿಳಿಯದೆಂದು ಕೈಮುಗಿದರೆ ಅದು ವಿನಯವಲ್ಲ, ಮೈಗಳ್ಳತನ.

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಆ ನೋಟ ಸುಳ್ಳಲ್ಲ. ಆದರೆ ಮೇಲೆ ಹತ್ತುವವನಿಗೆ ಹಣೆಯೂ ಮೂಗೂ ಸಿಕ್ಕುವುದಿಲ್ಲ, ಬಂಡೆಗಳು ಮಾತ್ರ ಸಿಕ್ಕುತ್ತವೆ. ಪ್ರಶ್ನಾವಳಿ ತೋರಿಸುವುದು ದೂರದ ಆಕೃತಿಯನ್ನು. ಹತ್ತಿರದಿಂದ ಕಂಡವರು ಅಂಗಡಿಯಲ್ಲೇ ಇದ್ದಾರೆ. ಅಪ್ಪನ ಕಾಲದಿಂದ ಕಿರ್ದಿ ಬರೆಯುತ್ತಿರುವ ಮುನೀಮರು ಒಬ್ಬರು, ಕೂಲಿಗಾಗಿ ಎರಡು ಬಾರಿ ಬಂದು ಹಿಂದಿರುಗಿದ ಹಮಾಲ ಇನ್ನೊಬ್ಬ. ಆ ತರುಣನು ತನ್ನ ಕಾಗದದ ಮೊದಲ ಸಾಲನ್ನು ಅವರಿಬ್ಬರಿಗೆ ಓದಿ ಹೇಳಿ, ಅವರು ಏನೆನ್ನುತ್ತಾರೆಂದು ಕೇಳಲಿ. ಕೊನೆಯ ಸಾಲಿಗೆ ಯಾರನ್ನೂ ಕೇಳಬೇಕಾಗಿಲ್ಲ; ಪರ್ವದ ಹತ್ತು ದಿನಗಳಲ್ಲಿ ಒಂದು ದಿನ ಏಕಭುಕ್ತವಿದ್ದು ನೋಡಿದರಾಯಿತು.