ಯಾರ ಮೈಯಲ್ಲಿ ಯಾರು?

ಚೆನ್ನೈನ ಪಲ್ಲಾವರಂ ಬೆಟ್ಟ ಎತ್ತರವೇನಲ್ಲ. ಕೆಳಗೆ ಜಿಎಸ್‌ಟಿ ರಸ್ತೆಯ ಗದ್ದಲ, ಪಕ್ಕದಲ್ಲೇ ಮೀನಂಬಾಕ್ಕಂ ವಿಮಾನ ನಿಲ್ದಾಣ. ಬೆಟ್ಟದ ಬಂಡೆಯಲ್ಲಿ ಒಂದು ಗುಹೆಯಿದೆ. ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮ ಏಳನೆಯ ಶತಮಾನದ ಆರಂಭದಲ್ಲಿ ಕೊರೆಸಿದ ಗುಡಿ ಅದು. ಅವನ ಕಾಲದ ಕಂಬಗಳನ್ನು ಗುರುತಿಸುವುದು ಸುಲಭ: ಬುಡವೂ ತಲೆಯೂ ಚೌಕ, ನಡುವೆ ಮಾತ್ರ ಅಂಚು ಕೆತ್ತಿ ಎಂಟು ಮುಖ. ಒಳಗೋಡೆಯಲ್ಲಿ ಐದು ಗರ್ಭಗುಡಿಗಳು, ಕಲ್ಲಿನ ಮೇಲೆ ದೊರೆಯ ಬಿರುದುಗಳ ಸಾಲು. ಈಗ ಅದು ದರ್ಗಾ. ಶಿಲ್ಪಿಯ ಉಳಿಗೆ ಸಿಕ್ಕ ಅದೇ ಕಲ್ಲು, ಅದೇ ಕತ್ತಲೆ, ಒಳಗಿನ ಪ್ರಾರ್ಥನೆ ಬೇರೆ.

ಈ ಮಹೇಂದ್ರವರ್ಮ ನಮಗೆ ಅಪರಿಚಿತನಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿಯೊಡನೆ ಕಾದಾಡಿದವನು. ಕತ್ತಿ ಹಿಡಿದ ಕೈಯಲ್ಲೇ ಲೇಖನಿಯನ್ನೂ ಹಿಡಿದವನು. ‘ಮತ್ತವಿಲಾಸ ಪ್ರಹಸನ’ ಅವನದು. ಮಾಮಂಡೂರಿನ ಶಾಸನ ಅದರ ಜೊತೆಗೆ ‘ಭಗವದಜ್ಜುಕ’ದ ಹೆಸರನ್ನೂ ಹೇಳುತ್ತದೆ. ಎರಡನೆಯದನ್ನು ಬರೆದವನು ಬೋಧಾಯನನೆಂಬ ಕವಿ ಎನ್ನುವವರೂ ಇದ್ದಾರೆ. ಆ ಜಗಳ ವಿದ್ವಾಂಸರಿಗಿರಲಿ. ಪಲ್ಲಾವರಂನ ಗುಹೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹೋಗುವುದು ‘ಭಗವದಜ್ಜುಕ’ವೆಂಬ ಆ ಪುಟ್ಟ ನಾಟಕದ ಕಡೆಗೆ.

ಒಬ್ಬ ಪರಿವ್ರಾಜಕ, ಅವನಿಗೊಬ್ಬ ಶಿಷ್ಯ ಶಾಂಡಿಲ್ಯ. ಹೊಟ್ಟೆಪಾಡಿಗಾಗಿ ಮತದಿಂದ ಮತಕ್ಕೆ ಅಲೆದು ಬಂದ ಹುಡುಗ. ಉದ್ಯಾನದಲ್ಲಿ ಗುರು ವೈರಾಗ್ಯ ಬೋಧಿಸುತ್ತಿರುವಾಗ ಅಲ್ಲಿಗೆ ಗಣಿಕೆ ವಸಂತಸೇನೆ ಬರುತ್ತಾಳೆ. ಯಮದೂತ ಹಾವಾಗಿ ಕಚ್ಚುತ್ತಾನೆ. ಅವಳ ಪ್ರಾಣ ಹೋಗುತ್ತದೆ. ಶಾಂಡಿಲ್ಯ ಅವಳ ಪಕ್ಕ ಕುಳಿತು ಅಳುತ್ತಾನೆ. ಯೋಗದ ಶಕ್ತಿ ಏನೆಂದು ಶಿಷ್ಯನಿಗೆ ತೋರಿಸಲು ಗುರು ತನ್ನ ಮೈಬಿಟ್ಟು ಆ ಹೆಣ್ಣಿನ ಮೈ ಹೊಗುತ್ತಾನೆ. ಅತ್ತ ಯಮಲೋಕದಲ್ಲಿ, ತಂದದ್ದು ಅದೇ ಹೆಸರಿನ ಬೇರೊಬ್ಬಳನ್ನು ಎಂದು ತಿಳಿಯುತ್ತದೆ. ಜೀವ ಹಿಂದಿರುಗಿಸಲು ಓಡಿಬಂದ ದೂತ ನೋಡಿದರೆ, ಅವಳ ಮೈ ಆಗಲೇ ಎದ್ದು ಕುಳಿತು ಮಾತಾಡುತ್ತಿದೆ! ಬೇರೆ ದಾರಿ ಕಾಣದೆ ಅವಳ ಜೀವವನ್ನು ಸನ್ಯಾಸಿಯ ಮೈಯಲ್ಲಿ ಇಡುತ್ತಾನೆ.

ಆಮೇಲೆ ಗಣಿಕೆಯ ಬಾಯಿಂದ ಶಾಸ್ತ್ರ ಬರುತ್ತದೆ, ವಿಷ ಇಳಿಸಲು ಬಂದ ವೈದ್ಯನನ್ನೇ ಆ ಬಾಯಿ ಗದರುತ್ತದೆ. ಸನ್ಯಾಸಿಯ ಬಾಯಿಂದ ಪ್ರಿಯಕರ ರಾಮಿಲಕನನ್ನು ಕರೆಯುವ ಮಾತು. ಪ್ರೇಕ್ಷಕರು ನಗುವ ಈ ಜಾಗದಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ. ರಾಮಿಲಕ ಓಡಿಹೋಗುವುದು ತಾನು ಪ್ರೀತಿಸಿದ ಮುಖದ ಬಳಿಗೆ. ಅಲ್ಲಿ ಅವನನ್ನು ಬಲ್ಲವರು ಯಾರೂ ಇಲ್ಲ. ಅವನನ್ನು ಬಲ್ಲ ಜೀವ ಗಡ್ಡಜಡೆಯ ಮುದಿದೇಹದಿಂದ ಕೂಗುತ್ತಿದೆ. ಅವನಿಗೆ ಗುರುತೇ ಸಿಗುತ್ತಿಲ್ಲ. ಅವನು ಪ್ರೀತಿಸಿದ್ದು ಯಾರನ್ನು?

ದಾಟಿಹೋದದ್ದಾದರೂ ಏನು? ಸಾಂಖ್ಯರನ್ನು ಕೇಳಿದರೆ ಬುದ್ಧಿ, ಅಹಂಕಾರ, ಮನಸ್ಸು ಎಲ್ಲವೂ ಪ್ರಕೃತಿಯ ಪಾಲು; ಪುರುಷ ಬರೀ ಸಾಕ್ಷಿ. ಹಾಗಾದರೆ ಮೈಯಿಂದ ಮೈಗೆ ಹೋದದ್ದು ವಿದ್ಯೆ, ಒಲವು, ರೂಢಿಗಳನ್ನು ಹೊತ್ತ ಸೂಕ್ಷ್ಮಶರೀರ. ಅದ್ವೈತಿಗೆ ಆತ್ಮ ಒಂದೇ ಆದ್ದರಿಂದ ಅದಲು ಬದಲಾಗಲು ಅಲ್ಲಿ ಎರಡಿಲ್ಲ. ಉಡುಪಿಯ ಮಧ್ವರಿಗೆ ಒಂದು ಜೀವ ಇನ್ನೊಂದರಂತಿಲ್ಲ, ಅದರ ಸ್ವಭಾವವೇ ಬೇರೆ. ಜೈನರದು ಇನ್ನೂ ಸೋಜಿಗದ ಮಾತು: ಜೀವ ತಾನಿರುವ ಮೈಯಷ್ಟೇ ಅಳತೆಯದು, ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು. ಚಾರ್ವಾಕ ಮಾತ್ರ ನಾಟಕದ ಬುಡಕ್ಕೇ ಕೈ ಹಾಕುತ್ತಾನೆ. ಭೂತಗಳು ಕೂಡಿದಾಗ ಹುಟ್ಟಿದ ಅರಿವು ಅವು ಬಿಟ್ಟಾಗ ಇಲ್ಲ, ಹೋಗುವುದಕ್ಕೆ ಅಲ್ಲಿ ಯಾರೂ ಇಲ್ಲ ಎನ್ನುತ್ತಾನೆ.

ಶೃಂಗೇರಿಯ ಕಡೆ ಹೇಳುವ ಶಂಕರರ ಕಥೆಯೂ ಪರಕಾಯಪ್ರವೇಶದ್ದೇ. ವಾದಕ್ಕಿಳಿದ ಉಭಯಭಾರತಿ ಕಾಮಶಾಸ್ತ್ರದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಅವರು ಸತ್ತ ಅಮರುಕ ರಾಜನ ದೇಹವನ್ನು ಹೊಕ್ಕರಂತೆ. ದಿನ ಕಳೆದಂತೆ ರಾಜನ ಮೈಯ ಸುಖದಲ್ಲಿ ತಾವು ಯಾರೆಂಬುದೇ ಮರೆಯತೊಡಗಿತು, ಶಿಷ್ಯರು ಬಂದು ಹಾಡಿ ಎಚ್ಚರಿಸಬೇಕಾಯಿತು ಎನ್ನುತ್ತದೆ ಕಥೆ. ನಾಟಕದಲ್ಲಿ ಜೀವ ಮೈಯನ್ನು ತನ್ನಂತೆ ನುಡಿಸಿತು. ಇಲ್ಲಿ ಮೈ ಜೀವವನ್ನು ತನ್ನ ಕಡೆಗೆ ಎಳೆದುಕೊಂಡಿತು. ನನ್ನ ಒಲವು ಈ ಎರಡನೆಯದರ ಕಡೆಗೆ. ಜ್ವರ ಬಂದ ದಿನ ನಮ್ಮ ಧೈರ್ಯ ಎಲ್ಲಿ ಹೋಗುತ್ತದೆ? ಹಸಿದ ಶಾಂಡಿಲ್ಯನ ಕಿವಿಗೆ ವೈರಾಗ್ಯ ಇಳಿಯಲಿಲ್ಲ, ಅದು ಅವನ ತಪ್ಪೂ ಅಲ್ಲ. ಮೈಯನ್ನು ಬರೀ ಬಟ್ಟೆಯೆಂದು ತಳ್ಳಿಹಾಕುವ ಮಾತನ್ನು ನಾನು ಒಪ್ಪಲಾರೆ.

2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಒಂದು ಹೃದಯ ವಿಮಾನದಲ್ಲಿ ಚೆನ್ನೈಗೆ ಬಂತು. ಎರಡೂ ಊರುಗಳ ಪೊಲೀಸರು ರಸ್ತೆ ತೆರವು ಮಾಡಿಕೊಟ್ಟರು. ಅದು ಬಂದಿಳಿದದ್ದು ಪಲ್ಲಾವರಂನ ಅದೇ ಬೆಟ್ಟದ ಮಗ್ಗುಲಲ್ಲೇ. ‘ಹೃದಯದಲ್ಲಿ ನೆಲೆಸಿದವನು’ ಎಂದು ಸಾವಿರಾರು ವರ್ಷ ಹೇಳಿಕೊಂಡು ಬಂದ ನಾಡಿನಲ್ಲಿ ಹೃದಯವೇ ಮೈ ಬದಲಿಸಿತು. ಆದರೆ ಹೃದಯ ಪಡೆದವರ ನೆನಪು, ನುಡಿ, ನೆಂಟಸ್ತಿಕೆ ಹಿಂದಿನವೇ. 1994ರ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡ ಸತ್ತರೆ ಮನುಷ್ಯ ಸತ್ತಂತೆ ಎಂದು ಒಪ್ಪಿದೆ, ಎದೆ ಇನ್ನೂ ಮಿಡಿಯುತ್ತಿದ್ದರೂ. ಯಾವಾಗ ಹೋಗುತ್ತಾನೆ ಎಂಬುದಕ್ಕೆ ಅದು ಉತ್ತರ. ಹೋಗುವವನು ಯಾರು ಎಂಬುದು ವೈದ್ಯರಿಗೂ ನ್ಯಾಯಾಧೀಶರಿಗೂ ಇನ್ನೂ ಪ್ರಶ್ನೆಯೇ.

ನಾಟಕದ ಕೊನೆಗೆ ಯಮದೂತ ಜೀವಗಳನ್ನು ಅವುಗಳ ಮೈಗೆ ಮರಳಿಸುತ್ತಾನೆ. ಏನಾಯಿತೆಂದು ಶಿಷ್ಯ ಕೇಳಿದರೆ, ಅದು ದೊಡ್ಡ ಕಥೆ, ಆಮೇಲೆ ಹೇಳುವೆ ಎನ್ನುತ್ತಾನೆ ಗುರು. ಒಂದೇ ಅಂಕದ ನಾಟಕ, ಒಂದು ಸಂಜೆ ಸಾಕು. ದಯವಿಟ್ಟು ಓದಿ, ನಿಮ್ಮೂರಿನ ತಂಡ ಆಡಿದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ.